ಖಾರದ ಪುಡಿಯ ಪಾಕೀಟೂ ನನ್ನ ಹೊಟ್ಟೆಕಿಚ್ಚೂ

ಬ್ಯಾಡಗಿ,
ಶನಿವಾರ, ೧೭-೧-೧೯೯೮

ಪ್ರೀತಿಯ ನೀಲಗಂಗಾ,

ಈ ಪತ್ರದ ಮೂಲಕ ನಿನಗೂ, ನಿನ್ನ ಮುಖಾಂತರ ಹುಬ್ಬಳ್ಳಿಯ ಸಮಸ್ತ ನಾಗರಿಕರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಉಪ್ಪಿನ ಡಬ್ಬಿ ಪತ್ತೆಯಾಗಿದೆ. ನೀನು ಬಸ್ಸು ಹತ್ತಿದ ದಿನದಿಂದ ಕಾಣೆಯಾಗಿದ್ದ ಸದರಿ ಡಬ್ಬಿಯು ನಿನ್ನೆ ಸಂಜೆ, ತಾನು ಯಾವತ್ತೂ ಇರುವ ಜಾಗದಲ್ಲಿಯೇ, ಅಂದರೆ ಒಲೆಯ ಪಕ್ಕದ ಗೂಡಿನಲ್ಲಿಯೇ ಕೂತಿದ್ದಾಗ ನನ್ನ ಕೈಗೆ ಸಿಕ್ಕಿಬಿದ್ದಿತು. ಅವ್ವನ ಮೊಣಕಾಲು ನೋವಿನಿಂದಾಗಿ ಸಂಜೆಯ ಅಡುಗೆ ನನ್ನ ಪಾಲಿಗೆ ಬಂದಿರುವುದು ನಿನಗೆ ಗೊತ್ತೇ ಇದೆ. ಇಷ್ಟು ದಿನ ಪಕ್ಕದ ಮನೆಯ ಅಮೀರಬಿಯ ಹತ್ತಿರ ಬಟ್ಟಲು ಹಿಡಿದುಕೊಂಡು ಹೋಗಿ ಉಪ್ಪು ತರುತ್ತಿದ್ದೆ. ಅವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. “ಗೊತ್ತಿದ್ದರ ಯಾಕ ಹೇಳಲಿಲ್ಲಬೇ?” ಎಂದು ಕೇಳಿದರೆ, “ನೀ ಎಲ್ಲಿ ಕೇಳೀದಿ? ಹುಡುಕಾಕತ್ತಿದ್ದಿ. ಹುಡುಕ್ಲಿ ಬಿಡು, ಹೆಂಡ್ತಿ ಮನ್ಯಾಗ ಇದ್ದರ ಏನು ಸುಖ ಅಂತ ತಿಳೀಲಿ ಅಂದೆ” ಎಂದಳು. ಅತ್ತೆ ಸೊಸೆ ಇಬ್ಬರದೂ ಒಂದೇ ಪಾರ್ಟಿ ಎಂಬ ನನ್ನ ಬಹುದಿನದ ಸಂಶಯಕ್ಕೆ ಇದರಿಂದ ಸಾಕ್ಷಿ ದೊರೆತಂತಾಯಿತು.

ಇನ್ನು ಕ್ಷೇಮಸಮಾಚಾರ. ನಿನ್ನ ಕಣ್ಣು ಹೇಗಿವೆ? ಕಂಪ್ಯೂಟರಿನ ಮುಂದೆ ಕೂತೂ ಕೂತೂ ಉರಿಯುತ್ತವೆ ಎಂದು ಬರೆದಿದ್ದೆ. ಇಲ್ಲಿ ನಮ್ಮೆಲ್ಲರ ಕಣ್ಣೂ ಉರಿಯುತ್ತಿವೆ. ನಿನ್ನದಕ್ಕೆ ವಿದ್ಯೆ ಕಾರಣ, ನಮ್ಮದಕ್ಕೆ ಸುಗ್ಗಿ ಕಾರಣ. ಮಾರ್ಕೆಟ್ಟಿನ ತುಂಬ ಮೆಣಸಿನಕಾಯಿ ಚೀಲ ಬಂದು ಬಿದ್ದಿವೆ. ಸೀನುವವನನ್ನು ಕಂಡರೆ ಪರಊರಿನವನು ಎಂದು ಗುರುತಿಸುತ್ತಿದ್ದ ಕಾಲವೊಂದಿತ್ತು. ಈ ಸಲ ಹುಟ್ಟಿ ಬೆಳೆದವರೂ ಸೀನುತ್ತಿದ್ದಾರೆ. ನಿಮ್ಮ ಚಿಕ್ಕವ್ವನ ಸಕ್ಕರೆ ಕಾಯಿಲೆ ಹೇಗಿದೆ? ಆಕೆಯ ಮನೆಯಲ್ಲಿ ಇದ್ದುಕೊಂಡು ಕಂಪ್ಯೂಟರ್ ಕೋರ್ಸಿಗೆ ಹೋಗುತ್ತಿದ್ದೀಯಾದ್ದರಿಂದ ನನಗೆ ನಿಶ್ಚಿಂತೆ, ಆದರೆ ಆಕೆಗೆ ಚಹಾದಲ್ಲಿ ಕದ್ದು ಸಕ್ಕರೆ ಹಾಕಿಕೊಳ್ಳಲು ಬಿಡಬೇಡ. ನೀನು ಸಂಕ್ರಾಂತಿಗೆ ಬರಲಿಲ್ಲವಲ್ಲ, ನಿನ್ನ ಪಾಲಿನ ಕುಸುರೆಳ್ಳನ್ನು ಪೊಟ್ಟಣ ಕಟ್ಟಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ದಾರಿಯಲ್ಲಿ ಪುಡಿಯಾಗಿದ್ದರೆ ಪುಡಿಯನ್ನೇ ತಿಂದು ಸಿಹಿ ಮಾತಾಡು. ಯಾಕೆಂದರೆ ಈ ಪತ್ರ ಓದಿದ ಮೇಲೆ ನಿನ್ನಿಂದ ಸಿಹಿ ಮಾತು ಬರುವ ಭರವಸೆ ನನಗಿಲ್ಲ.

ನಿನ್ನ ಪತ್ರ ಮುಟ್ಟಿತು. ಎರಡು ಪ್ರಶ್ನೆ ಕೇಳಿದ್ದೀಯ. ಮೊದಲನೆಯದು, ಪ್ರಭುಲಿಂಗಪ್ಪನವರ ಖಾರದ ಪುಡಿಯ ಪಾಕೀಟಿಗೆ ಯಾರ ಚಿತ್ರ ಪಾಸಾಯಿತು, ನಿಮ್ಮದೋ ನನ್ನದೋ? ಎರಡನೆಯದು, ಕೋರ್ಸು ಮುಗಿದ ಕೂಡಲೇ ಊರಿಗೆ ಬರಲೋ, ಅಥವಾ ಪಾಠ ಹೇಳುವ ಜಹಾಂಗೀರ ಸರ್ ಹೇಳುತ್ತಿರುವ ಪ್ರೆಸ್ಸಿನಲ್ಲಿ ಡಿಸೈನರ್ ಅಂತ ಸೇರಿ ಇನ್ನೊಂದಾರು ತಿಂಗಳು ಹುಬ್ಬಳ್ಳಿಯಲ್ಲೇ ಇದ್ದು ಕೈ ಪಳಗಿಸಿಕೊಳ್ಳಲೋ? ಮೊದಲನೆಯದರ ಉತ್ತರ ಉದ್ದವಿದೆ, ನಿಧಾನವಾಗಿ ಹೇಳುತ್ತೇನೆ. ಎರಡನೆಯದಕ್ಕೆ ಸದ್ಯ ನನ್ನ ಹತ್ತಿರ ಉತ್ತರವಿಲ್ಲ. ಪತ್ರ ಮುಗಿಯುವುದರೊಳಗೆ ಸಿಕ್ಕರೆ ಬರೆಯುತ್ತೇನೆ. ಉಪ್ಪಿನ ಡಬ್ಬಿಯೇ ಸಿಕ್ಕಿದೆ, ಇದು ಸಿಗದೇ ಹೋದೀತೆ?

ಅದಕ್ಕೂ ಮೊದಲು ನನ್ನದೊಂದು ಬಹಿರಂಗ ಹೇಳಿಕೆ. ‘ನಮ್ಮ ಅಳಿಯನಿಗೆ ಹೊಟ್ಟೆಕಿಚ್ಚು ಅಂದರೇನೆಂದೇ ಗೊತ್ತಿಲ್ಲ’ ಎಂದು ನಿಮ್ಮ ಅಪ್ಪ ಮದುವೆಯ ಚಪ್ಪರದಲ್ಲಿ ಬೀಗರ ಮುಂದೆ ಹೊಗಳಿದ್ದರು. ಅವತ್ತಿಗೆ ಆ ಮಾತು ನಿಜ. ಅವತ್ತು ನಿನಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಈಗ ಆ ಹೊಗಳಿಕೆಯನ್ನು ವಾಪಸು ತೆಗೆದುಕೊಳ್ಳಲು ಅವರಿಗೆ ಒಂದು ಕಾರ್ಡು ಬರೆದುಬಿಡು. ನನಗೆ ಮೊದಲನೆಯದಾಗಿ ಆ ಯಂತ್ರದ ಮೇಲೇ ಹೊಟ್ಟೆಕಿಚ್ಚು. ಗೆರೆ ತಪ್ಪಿದರೆ ಒಂದು ಗುಂಡಿ ಒತ್ತಿದರೆ ಸಾಕು, ತಪ್ಪು ಮಾಡುವುದಕ್ಕೆ ಮುಂಚೆ ಹೇಗಿತ್ತೋ ಹಾಗೆ ಆಗುತ್ತದೆ ಎಂದು ಬರೆದಿದ್ದೀಯಲ್ಲ, ಇದು ಯಾವ ಊರಿನ ನ್ಯಾಯ? ನಾನು ಏಣಿಯ ಮೇಲೆ ನಿಂತು, ಕೈಯಲ್ಲೊಂದು ಬಾಯಲ್ಲೊಂದು ಬ್ರಷ್ ಹಿಡಿದು, ಬಿಸಿಲಿಗೆ ಬೆನ್ನು ಕೊಟ್ಟು ಬರೆಯುತ್ತಿರುವಾಗ ಕೆಳಗಿನಿಂದ ಅಂಗಡಿಯವನು “ಪೇಂಟರ್ರ, ಒಂಚೂರು ಸೊಟ್ಟ ಆದಂಗ ಐತಲ್ರಿ” ಎನ್ನುತ್ತಾನೆ. ಆಗ ನನ್ನ ಬಳಿ ಇರುವುದು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಬನಿಯನ್ನಿನ ತುಂಡು. ಅದರಿಂದ ಒರೆಸಿದರೆ ತಪ್ಪಿನ ಜೊತೆಗೆ ಸರಿಯಿದ್ದದ್ದೂ ಹೋಗುತ್ತದೆ. ಎರಡನೆಯದಾಗಿ ಜಹಾಂಗೀರ ಸರ್ ಮೇಲೆ. ಅವರಿಗೆ ವಯಸ್ಸಾಗಿದೆ, ಹಲ್ಲು ಕಟ್ಟಿಸಿಕೊಂಡಿದ್ದಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದೇ ಪಾಠ ಶುರು ಮಾಡುತ್ತಾರೆ ಎಂದು ನೀನು ಪ್ರತಿ ಪತ್ರದಲ್ಲೂ ಬರೆಯುವುದು ನನ್ನ ಸಮಾಧಾನಕ್ಕೆ ಎಂದು ಗೊತ್ತು. ಆದರೆ ನನ್ನ ಕಿಚ್ಚು ಆ ಜಾತಿಯದಲ್ಲ. ನೀನೊಂದು ಕಾರ್ಡು ಮಾಡಿ ತೋರಿಸಿದಾಗ ಅವರು “ಅಕ್ಷರಕ್ಕ ಉಸಿರಾಡಾಕ ಜಾಗ ಬಿಡ್ರಿ ಅಕ್ಕಾರ” ಎಂದರಂತೆ. ಬೋರ್ಡು ಬರೆಯುತ್ತ ನನ್ನ ತಲೆ ನರೆಯಿತು, ಇಂಥ ಒಂದು ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ? ಬಾಯಲ್ಲಿ ಬ್ರಷ್ ಇತ್ತು ಎಂಬ ಕಾರಣ ಎಷ್ಟು ಸಲ ಕೊಡಲಿ? ಇನ್ನು ಹುದ್ದೆಯ ವಿಚಾರ. ಕೋರ್ಸು ಮುಗಿದ ಮೇಲೆ ನಿನ್ನನ್ನು ‘ಗ್ರಾಫಿಕ್ ಡಿಸೈನರ್’ ಎನ್ನುತ್ತಾರಂತೆ. ನನ್ನನ್ನು ಊರು ಪೇಂಟರ್ ಅಂದಾನೆಪ್ಪ ಎನ್ನುತ್ತದೆ. ‘ಆರ್ಟಿಸ್ಟ್’ ಎಂಬ ಬಿರುದನ್ನು ನನಗೆ ನಾನೇ ದಯಪಾಲಿಸಿಕೊಂಡು, ನಾನೇ ಬೋರ್ಡಿಗೆ ಬರೆದುಕೊಂಡದ್ದು ನಿನಗೆ ಗೊತ್ತಿರುವ ಗುಟ್ಟು.

ಇವೆಲ್ಲ ಸಣ್ಣ ಕಿಚ್ಚು. ನೀರು ಕುಡಿದರೆ ಆರುತ್ತವೆ. ದೊಡ್ಡದೊಂದಿದೆ. ನೀನು ಹಿಂದಿನ ಪತ್ರದಲ್ಲಿ ಬರೆದಿದ್ದೆ: “ಕೆಲಸಕ್ಕ ಕುಂತರ ಊಟದ ನೆನಪ ಆಗೂದಿಲ್ರಿ. ಎದ್ದ ಮ್ಯಾಲೂ ಹಸಿವು ಇರೂದಿಲ್ಲ, ಹೊಟ್ಟಿ ತುಂಬಿದಂಗ ಇರತೈತಿ.” ಇದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದಳು. ನಾನು ಮುಂದಿದ್ದ ತಾಟನ್ನು ಸರಿಸಿ ಎದ್ದೆ. “ಹೊಟ್ಟಿಕಿಚ್ಚಿಗೆ ರೊಟ್ಟಿ ಬಿಡಬ್ಯಾಡೋ, ಕಿಚ್ಚಿಗೂ ಒಳಗ ಏನರ ಹಾಕಬೇಕಲ್ಲ” ಎಂದಳು. ಅವಳಿಗೆ ಹೇಗೆ ಹೇಳಲಿ? ರಾಣೇಬೆನ್ನೂರಿನಲ್ಲಿ ಹೇಮಪ್ಪ ಮಾಸ್ತರರ ಕೈಕೆಳಗೆ ಬಣ್ಣ ಕಲೆಸುತ್ತಿದ್ದಾಗ, ಅವರು ಮೊದಲ ಸಲ ನನ್ನ ಕೈಗೆ ಬ್ರಷ್ ಕೊಟ್ಟು ಒಂದು ಕಿರಾಣಿ ಅಂಗಡಿಯ ಬೋರ್ಡಿಗೆ ‘ಶ್ರೀ’ ಬರೆಸಿದ್ದರು. ಒಂದೇ ಒಂದು ಅಕ್ಷರ. ಬರೆದು ಸ್ಟೇಷನ್ನಿನ ಕಡೆ ನಡೆದವನು ದಾರಿಯುದ್ದಕ್ಕೂ ತಿರುತಿರುಗಿ ನೋಡಿ, ಎಮ್ಮೆಯೊಂದಕ್ಕೆ ಡಿಕ್ಕಿ ಹೊಡೆದು, ಎಮ್ಮೆಯಿಂದಲೇ ಬೈಸಿಕೊಂಡಂತಾಗಿ ಊರಿಗೆ ಬಂದಿದ್ದೆ. ಅವತ್ತು ನನಗೂ ಹಸಿವಿರಲಿಲ್ಲ. ಈಗ ಅಂಗಡಿಯವರು ಬೋರ್ಡು ಬರೆಸುತ್ತಾರೆ, ನಾನು ಬರೆಯುತ್ತೇನೆ, ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ, ಮನೆಗೆ ಬರುತ್ತೇನೆ. ನನ್ನದಾಗಿದ್ದ ಆ ಹೊಟ್ಟೆತುಂಬುವ ಸಾಮಾನು ನಿನ್ನ ಟ್ರಂಕಿನಲ್ಲಿ ಹೇಗೆ ಹೋಯಿತು ಎಂಬುದು ನನ್ನ ತಕರಾರು.

ಕೆಲಸಕ್ಕೆ ಕೊರತೆಯಿದೆ ಎಂದು ತಿಳಿಯಬೇಡ. ಹಾವೇರಿ ಜಿಲ್ಲೆಯಾದಾಗಿನಿಂದ ಬೋರ್ಡಿನ ಮೇಲಿನ ‘ಜಿ. ಧಾರವಾಡ’ ಅಳಿಸಿ ‘ಜಿ. ಹಾವೇರಿ’ ಬರೆಯಿರಿ ಎಂದು ಅಂಗಡಿಗಳವರು ಸಾಲುಗಟ್ಟಿದ್ದಾರೆ. ಧಾರವಾಡಕ್ಕೆ ನಾಲ್ಕು ಅಕ್ಷರ, ಹಾವೇರಿಗೆ ಮೂರು. ಉಳಿದ ಒಂದು ಅಕ್ಷರದ ಜಾಗ ಖಾಲಿ ಕಾಣುತ್ತದೆಂದು ಎಲ್ಲರೂ ಅಲ್ಲೊಂದು ಹೂವು ಕೇಳುತ್ತಾರೆ. ಹೀಗಾಗಿ ಹೊಸ ಜಿಲ್ಲೆಯ ತುಂಬ ನನ್ನ ಹೂಗಳು ಅರಳಿವೆ; ಜಿಲ್ಲಾ ರಚನೆಯಲ್ಲಿ ನನ್ನ ಪಾತ್ರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಹೋದ ವಾರ ಹಾವೇರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಎದುರು ‘ಕಂಪ್ಯೂಟರ್ ಅಕ್ಷರ ಜೋಡಣೆ’ ಎಂಬ ಹೊಸ ಅಂಗಡಿ ಕಂಡೆ. ಅದರ ಬೋರ್ಡನ್ನು ಮಾತ್ರ ಕೈಯಲ್ಲೇ ಬರೆಸಿದ್ದರು. ಬಹಳ ಸಮಾಧಾನವಾಯಿತು. ಒಳಗೆ ಇಣುಕಿದರೆ ಜನ ಕಾಯುತ್ತ ಕೂತಿದ್ದರು. ಸಮಾಧಾನ ಅಲ್ಲಿಗೇ ಮುಗಿಯಿತು.

ಈಗ ಪಾಕೀಟಿನ ವಿಷಯ. ಪ್ರಭುಲಿಂಗಪ್ಪನವರು ಇಷ್ಟು ವರ್ಷ ಮೆಣಸಿನಕಾಯಿಯನ್ನು ಚೀಲದಲ್ಲಿ ಮಾರಿದವರು, ಈಗ ತಾಯಿ ಮುತ್ತವ್ವನ ಹೆಸರಿನಲ್ಲಿ ‘ಮುತ್ತು ಖಾರದ ಪುಡಿ’ ಎಂದು ಪಾಕೀಟು ಮಾಡಿ ಮಾರಲು ಹೊರಟಿದ್ದಾರೆ. ಪಾಕೀಟು ಚೆಂದ ಬಂದರೆ ಮುಂದೆ ಉಪ್ಪಿನಕಾಯಿ, ಮಸಾಲೆ, ಎಲ್ಲದರ ಕೆಲಸವೂ ಅದೇ ಕೈಗೆ ಎಂದು ಮೊದಲೇ ಸಾರಿದ್ದರು. ನನ್ನ ಚಿತ್ರ ನೀನು ನೋಡಿಲ್ಲ, ಆದ್ದರಿಂದ ವರ್ಣಿಸುತ್ತೇನೆ. ನಡುವೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಪ್ರಭುಲಿಂಗಪ್ಪನವರ ಭಾವಚಿತ್ರ, ತಲೆಗೆ ರುಮಾಲು. ಹಿಂದೆ ಉದಯಿಸುತ್ತಿರುವ ಸೂರ್ಯ, ಕಿರಣಗಳು ಪಾಕೀಟಿನ ಅಂಚಿನವರೆಗೆ. ಎರಡು ಕಡೆ ಕಮಲ. ಮೇಲೆ ‘ಶುದ್ಧ’, ಕೆಳಗೆ ‘ರುಚಿಕರ’, ಓರೆಯಾಗಿ ‘ಸುಪ್ರಸಿದ್ಧ’. ಇನ್ನೂ ಒಂದು ಪಾಕೀಟೂ ಮಾರದ ಮಾಲು ಸುಪ್ರಸಿದ್ಧ ಹೇಗಾಯಿತು ಎಂದು ಕೇಳಬೇಡ. ಮುಂದುಗಡೆ ಎರಡು ಮೆಣಸಿನಕಾಯಿ, ಹೊಳೆಹೊಳೆಯುವಂಥವು. ಗುಲಗಂಜಿಯಷ್ಟು ಜಾಗವೂ ನನ್ನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಇನ್ನು ನೀನು ಕಳಿಸಿದ್ದು: ಬಿಳಿ ಕಾಗದ, ಓರೆಯಾಗಿ ಒಂದೇ ಮೆಣಸಿನಕಾಯಿ, ಅದರ ಕೆಳಗೆ ಹೆಸರು, ಸಣ್ಣದಾಗಿ ‘ಬ್ಯಾಡಗಿ’. ಮುಗಿಯಿತು. “ಪಾಪ, ಬಣ್ಣ ತೀರಿರಬೇಕು” ಎಂದು ನಾನು ಪ್ರಭುಲಿಂಗಪ್ಪನವರ ಮುಂದೆ ನಿನ್ನ ಪರವಾಗಿ ಕ್ಷಮೆ ಕೂಡ ಕೇಳಿದೆ. ಆ ಮೆಣಸಿನಕಾಯಿಯಾದರೂ ನೀನು ಬರೆದದ್ದಲ್ಲ. ಊರ ನೆನಪಾಗಿ ಚಟ್ನಿಗೆ ಕೇಳಿದ್ದಾಳೆಂದು ನಾನು ಕಣ್ಣ ತುಂಬ ನೀರು ತಂದುಕೊಂಡು ಆರಿಸಿ ಕಳಿಸಿದ ಕಾಯಿಯನ್ನು ನೀನು, ಗಾಜಿನ ಮೇಲೆ ಇಟ್ಟರೆ ಇದ್ದದ್ದು ಇದ್ದ ಹಾಗೆ ಚಿತ್ರ ತೆಗೆಯುವ ಆ ಸ್ಕ್ಯಾನರಿನೊಳಗೆ ಇಟ್ಟುಬಿಟ್ಟೆ. ಜಹಾಂಗೀರ ಸರ್ ಸೀನಿ ಸೀನಿ ಅವರ ಹಲ್ಲು ಕೀಲಿಮಣೆಯ ಮೇಲೆ ಬಿತ್ತು ಎಂದು ಓದಿದಾಗ ಮಾತ್ರ ನನಗೆ ಆ ಯಂತ್ರದ ಮೇಲೆ ಸ್ವಲ್ಪ ಗೌರವ ಬಂತು. ಇದನ್ನು ಚಿತ್ರ ಬರೆಯುವುದು ಎನ್ನುವುದಾದರೆ ನಮ್ಮ ಮನೆಯ ಕನ್ನಡಿಯೂ ಚಿತ್ರಕಾರನೇ.

ಪ್ರಭುಲಿಂಗಪ್ಪನವರು ಎರಡನ್ನೂ ಎದುರಿಗಿಟ್ಟುಕೊಂಡು ಪೇಚಿಗೆ ಬಿದ್ದರು. ಅವರ ಅಂಗಡಿಯ ಬೋರ್ಡು ಬರೆದವನು ನಾನು. ಮನಸ್ಸು ಹೋದದ್ದು ನಿನ್ನದರ ಮೇಲೆ ಎಂಬುದು ಅವರ ಕಣ್ಣಲ್ಲೇ ಕಾಣುತ್ತಿತ್ತು. ಕಡೆಗೆ “ಗಂಡಾ ಹೆಂಡ್ತಿ ನಡುವ ನಾ ಯಾಕ ಬೀಳ್ಲಿ? ದೇವರ ಕಡೆ ಪ್ರಸಾದ ಕೇಳೂಣು” ಎಂದರು. ನಿಮ್ಮ ಕೋರ್ಸಿನಲ್ಲಿ ಇದನ್ನು ಕಲಿಸಿದ್ದಾರೋ ಇಲ್ಲವೋ, ಬ್ಯಾಡಗಿಯಲ್ಲಿ ಡಿಸೈನು ಪಾಸಾಗುವ ಕ್ರಮ ಹೀಗೆ: ಅಂಗಡಿಯ ಹಿಂದಿನ ವೀರಭದ್ರ ದೇವರ ಮೂರ್ತಿಗೆ ಪೂಜಾರಿ ಎರಡು ಕಡೆ ನೀರಲ್ಲಿ ತೊಯ್ಯಿಸಿದ ಹೂವು ಅಂಟಿಸಿದ. ಬಲಗಡೆಯದು ಬಿದ್ದರೆ ನನಗೆ, ಎಡಗಡೆಯದು ಬಿದ್ದರೆ ನಿನಗೆ. ಬಲಗಡೆಯನ್ನು ನನಗೇ ಏಕೆ ಕೊಟ್ಟರು ಎಂದು ನೀನಿದ್ದಿದ್ದರೆ ಜಗಳ ತೆಗೆಯುತ್ತಿದ್ದೆ, ನಾನು ತೆಗೆಯಲಿಲ್ಲ. ಮುತ್ತವ್ವನನ್ನು ಕುರ್ಚಿಯ ಸಮೇತ ಎತ್ತಿ ತಂದು ಕೂರಿಸಿದ್ದರು. ಎಲ್ಲರೂ ಸೀನು ತಡೆದುಕೊಂಡು ಕಾದೆವು. ನಾನು ಕಣ್ಣು ಮುಚ್ಚಿ ಏನು ಬೇಡಿಕೊಂಡೆ ಎಂದು ಕೇಳಬೇಡ. ಅದು ನನಗೂ ದೇವರಿಗೂ ಬಿಟ್ಟದ್ದು, ಮತ್ತು ಅದರಲ್ಲಿ ನಿನ್ನ ಹೆಸರು ಇರಲಿಲ್ಲ. ಕಣ್ಣು ಬಿಟ್ಟಾಗ ಬಲಗಡೆಯ ಹೂವು ನೆಲದ ಮೇಲಿತ್ತು.

ನೀಲಗಂಗಾ, ನಾನು ಗೆದ್ದೆ. ಸಾಕ್ಷಾತ್ ದೇವರು ನಿನ್ನ ಕಂಪ್ಯೂಟರನ್ನು ಸೋಲಿಸಿ ನನ್ನ ಬ್ರಷ್ಷಿಗೆ ಜಯ ಕೊಟ್ಟ. ಆದರೆ ಪ್ರಭುಲಿಂಗಪ್ಪನವರ ಮುಖ ನೋಡಬೇಕಿತ್ತು, ರೇಟು ಬಿದ್ದ ದಿನ ಹಾಗೆ ಆಗುತ್ತದೆ. “ದೇವರು ಹೇಳಿದ ಮ್ಯಾಲೆ ಮುಗೀತಪಾ ಅಂದಾನೆಪ್ಪ” ಎಂದು ನಿಟ್ಟುಸಿರು ಬಿಟ್ಟರು. ಕೇಳುವುದಕ್ಕೆ ಮುಂಚೆ ಎಷ್ಟು ಬೇಕಾದರೂ ಯೋಚಿಸಬಹುದು, ಹೂವು ಬಿದ್ದ ಮೇಲೆ ಯೋಚಿಸುವ ಹಾಗಿಲ್ಲ. ಹಿಂದಕ್ಕೆ ಒತ್ತುವ ಗುಂಡಿ ದೇವರ ಹತ್ತಿರವೂ ಇಲ್ಲ. ಚಹಾ ತರಿಸಿದರು. ನನ್ನ ಗೆಲುವು ಆ ಚಹಾ ಆರುವವರೆಗೆ ಬಾಳಿತು. ಮುತ್ತವ್ವ ನನ್ನ ಚಿತ್ರವನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, “ಯಪ್ಪಾ ಅಂದಾನಿ, ಇದು ಯಾವೂರ ಕಾಯಿನೋ? ಗುಂಟೂರಿನದೇನು?” ಎಂದಳು. ನಾನು ಬ್ಯಾಡಗಿಯದೇ ಎಂದೆ. “ನಮ್ಮ ಕಾಯಿ ಹಿಂಗ ನುಣ್ಣಗ ಬದನಿಕಾಯಿ ಇದ್ದಂಗ ಇರತೈತೇನೋ? ನನ್ನ ಮಾರಿ ನೋಡು. ಹಿಂಗ ಸುಕ್ಕು ಇರಬೇಕು.” ಅಲ್ಲಿದ್ದವರೆಲ್ಲ ಮೊದಲು ಮುತ್ತವ್ವನ ಮುಖ ನೋಡಿದರು, ಆಮೇಲೆ ನನ್ನ ಚಿತ್ರ ನೋಡಿದರು, ಆಮೇಲೆ ಬಹಳ ಹೊತ್ತು ಯಾರೂ ನನ್ನನ್ನು ನೋಡಲಿಲ್ಲ. ಒಂದೇ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಯಾವ ಹೊಲದ್ದು ಎಂದು ಹೇಳುವ ಊರು ನಮ್ಮದು. ಇದೇ ಊರಿನ ಅರ್ಧ ಅಂಗಡಿಗಳ ಬೋರ್ಡಿನ ಮೇಲೆ ನಾನು ಇದೇ ನುಣ್ಣನೆಯ ಕಾಯಿ ಬರೆದಿದ್ದೇನೆ. ಹೇಮಪ್ಪ ಮಾಸ್ತರರು ಕಲಿಸಿದ್ದೇ ಹಾಗೆ: ಚಪ್ಪಟೆ ಬ್ರಷ್ಷನ್ನು ಒಂದೇ ಏಟಿಗೆ ಎಳೆದು, ಮೇಲೊಂದು ಬಿಳಿ ಹೊಳಪು ಇಟ್ಟರೆ ಕಾಯಿ. ಒಬ್ಬರೂ ತಪ್ಪೆನ್ನಲಿಲ್ಲ, ಯಾಕೆಂದರೆ ನಿಜವಾದ ಕಾಯಿ ಕಾಲಬುಡದಲ್ಲಿ ರಾಶಿ ಬಿದ್ದಿರುವಾಗ ಬೋರ್ಡಿನ ಕಾಯಿಯನ್ನು ಯಾರು ನೋಡುತ್ತಾರೆ? ಪಾಕೀಟು ಬೇರೆ. ಅದು ಕಾಯಿಯೇ ಇಲ್ಲದ ಊರಿಗೆ ಹೋಗುತ್ತದೆ.

ಮನೆಗೆ ಬಂದು ನನ್ನ ಕಾಯಿಗಳಿಗೆ ಸುಕ್ಕು ಹಾಕಲು ಕೂತೆ. ಒಂದು ಹುಳುವಿನ ಹಾಗೆ ಕಂಡಿತು. ಇನ್ನೊಂದು, ಕೇಳಿದರೆ ನಗುತ್ತೀಯ, ಥೇಟ್ ಪ್ರಭುಲಿಂಗಪ್ಪನವರ ಹಾಗೇ ಕಂಡಿತು. ಒಂದೇ ಪಾಕೀಟಿನಲ್ಲಿ ಅವರು ಎರಡು ಸಲ ಬಂದ ಹಾಗಾಯಿತು. ಮರುದಿನ ಸಂಜೆ ಎರಡೂ ಕಾಗದಗಳನ್ನು ಎರಡು ಪುಡಿಕೆಗೆ ಸುತ್ತಿ, ನಮ್ಮ ಅಂಗಡಿಯ ಹಲಗೆಯ ಮೇಲೆ ನಿಲ್ಲಿಸಿ, ಬೋರ್ಡು ಬರೆದಾಗ ಯಾವತ್ತೂ ಮಾಡುವ ಹಾಗೆ ರಸ್ತೆ ದಾಟಿ ಆಚೆ ದಂಡೆಗೆ ಹೋಗಿ ತಿರುಗಿ ನೋಡಿದೆ. ನಡುವೆ ಲಾರಿ ಹೋದವು, ಎತ್ತಿನ ಗಾಡಿ ಹೋದವು. ನನ್ನದು ಜಾತ್ರೆಯಲ್ಲಿ ಕಳೆದುಹೋದವರ ಹಾಗೆ ಎಲ್ಲ ಕಡೆಯಿಂದಲೂ ಕೂಗುತ್ತಿತ್ತು, ಏನು ಕೂಗುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ನಿನ್ನದು ಸುಮ್ಮನೆ ಇತ್ತು. ಮೆಣಸಿನಕಾಯಿ, ಮುತ್ತು, ಬ್ಯಾಡಗಿ. ಕಾಯಿ ಯಂತ್ರದ್ದಿರಬಹುದು, ಅದನ್ನು ಅಷ್ಟೇ ಓರೆಯಾಗಿಸಿ, ಸುತ್ತ ಅಷ್ಟು ಬಿಳಿ ಬಿಟ್ಟು, ಹೆಸರನ್ನು ಅಲ್ಲೇ ಇಟ್ಟದ್ದು ಯಂತ್ರವಲ್ಲ. ಆ ಖಾಲಿ ಜಾಗವನ್ನು ಬಿಡುವ ಧೈರ್ಯ ನಿನಗೆ ಎಲ್ಲಿಂದ ಬಂತು? ನಾನು ಅಲ್ಲೊಂದು ಹೂವು ಇಟ್ಟುಬಿಡುತ್ತಿದ್ದೆ. ಆಚೆ ದಂಡೆಯ ಮೇಲೆ ಎಷ್ಟು ಹೊತ್ತು ನಿಂತೆನೋ, ಬೀಡಾ ಅಂಗಡಿಯ ಉಡಚಪ್ಪ “ಏನೋ ಅಂದಾನಿ, ನಿನ್ನ ಅಂಗಡಿ ನೀನಽ ಕಳವು ಮಾಡಾವನಂಗ ನೋಡಾಕತ್ತೀಯಲ್ಲ” ಎಂದು ಕೂಗಿದಾಗಲೇ ಎಚ್ಚರ.

ಇಷ್ಟಾದರೂ ನಾನು ಸೋಲು ಒಪ್ಪಿಕೊಳ್ಳಲಿಲ್ಲ. ದೇವರು ನನ್ನ ಕಡೆ ಇದ್ದಾನೆ, ಹೆದರುವುದೇಕೆ? ಹೀಗೆಂದುಕೊಂಡು ರಾಣೇಬೆನ್ನೂರಿಗೆ ಹೋದೆ, ಒಂದು ಬೀಜದ ಅಂಗಡಿಯ ಬೋರ್ಡಿನಲ್ಲಿ ಧಾರವಾಡ ಅಳಿಸುವ ಕೆಲಸವಿತ್ತು. ಏಣಿ ಹತ್ತಿ ಅರ್ಧ ಅಳಿಸಿದ್ದೆ. ಒಳಗಿನಿಂದ ಮಾಲೀಕರು ಸೋಮಪ್ಪನವರು ಓಡಿ ಬಂದು, ತಲೆ ಎತ್ತಿ, ಕೈಮುಗಿದು “ನೀಲಗಂಗಮ್ಮನವರ ಯಜಮಾನ್ರು ನೀವಽ ಏನ್ರಿ? ಗೊತ್ತಾಗಲಿಲ್ಲ ನೋಡ್ರಿ. ಇಳೀರಿ, ಇಳೀರಿ, ಚಹಾ ಕುಡೀರಿ” ಎಂದರು. ಆ ಅಂಗಡಿಗೆ ನಾನು ಹೋಗುತ್ತಿರುವುದು ಅದೇ ಮೊದಲಲ್ಲ. ಯಾವತ್ತೂ ಚಹಾ ಇರಲಿಲ್ಲ. ಆದದ್ದಿಷ್ಟೇ: ನಮ್ಮ ಪ್ರಭುಲಿಂಗಪ್ಪನವರು, ದೇವರು ನನಗೆ ಕೊಟ್ಟ ಕೆಲಸವನ್ನು ನನಗೇ ಕೊಟ್ಟು, ನೀನು ಕಳಿಸಿದ್ದ ಕಾಗದದ ಇನ್ನೊಂದು ಪ್ರತಿಯನ್ನು ಕಿಸೆಯಲ್ಲಿ ಮಡಚಿಟ್ಟುಕೊಂಡು ಸಿಕ್ಕ ಸಿಕ್ಕವರಿಗೆ ತೋರಿಸುತ್ತ ತಿರುಗುತ್ತಿದ್ದಾರೆ. ಸೋಮಪ್ಪನವರು ಅದನ್ನು ನೋಡಿ, ತಮ್ಮ ಹತ್ತಿಬೀಜದ ಪಾಕೀಟೂ ಹಾಗೇ ಆಗಬೇಕೆಂದು ಕೂತಿದ್ದಾರೆ. “ಅಕ್ಕಾರು ಯಾವಾಗ ಬರ್ತಾರ್ರಿ? ಹುಬ್ಬಳ್ಳ್ಯಾಗ ಇದ್ದರೂ ನಡೀತೈತ್ರಿ, ನಾವಽ ಹೋಗತೇವಿ” ಎಂದರು. ನಾನು ಚಹಾ ಕುಡಿದೆ. ಇಷ್ಟು ಕಹಿಯಾದ ಸಿಹಿ ಚಹಾ ನಾನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಏಣಿಯ ಮೇಲೆ ಮತ್ತೆ ಹತ್ತಿ, ಅವರ ಬೋರ್ಡಿನಲ್ಲಿ ಉಳಿದ ಒಂದು ಅಕ್ಷರದ ಜಾಗವನ್ನು ಹಾಗೇ ಖಾಲಿ ಬಿಟ್ಟೆ. ಸೋಮಪ್ಪನವರು ಕೆಳಗಿನಿಂದ ನೋಡಿ “ಚೊಲೋ ಕಾಣತೈತಲ್ರಿ, ಅಕ್ಕಾರು ಹೇಳಿಕೊಟ್ಟರೇನು?” ಎಂದರು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೆ.

ಬಸ್ಸಿನಲ್ಲಿ ಬರುತ್ತ ಬಹಳ ವಿಚಾರ ಮಾಡಿದೆ. ನಾನು ಹಿಡಿದ ಹೂವನ್ನು ಬಿಡದಿದ್ದರೆ ಪಾಕೀಟು ನನ್ನದಾಗುತ್ತದೆ. ಗುಂಟೂರಿನ ಕಾಯಿ, ಬ್ಯಾಡಗಿಯ ಹೆಸರು, ನಡುವೆ ರುಮಾಲಿನ ಪ್ರಭುಲಿಂಗಪ್ಪ ಮುಂಬೈಯವರೆಗೆ ಹೋಗುತ್ತಾರೆ. ನಿನ್ನದು ಕಿಸೆಯಲ್ಲೇ ಸವೆಯುತ್ತದೆ. ಮತ್ತು ನೀನು ಒಂದು ಮಾತೂ ಆಡದೆ, ಊರಿಗೆ ಬಂದು, ನನ್ನ ಅಕ್ಷರಗಳಿಗೆ ಬಣ್ಣ ತುಂಬುತ್ತ ಕೂರುತ್ತೀಯ, ಹೊತ್ತಿಗೆ ಸರಿಯಾಗಿ ಹಸಿವಾಗಿ ಏಳುತ್ತೀಯ. ಇಲ್ಲಿಗೆ ಬಂದಾಗ ವಿಚಾರ ನಿಂತಿತು. ನನ್ನ ಹೊಟ್ಟೆಕಿಚ್ಚಿಗೂ ಅಷ್ಟು ಬೇಕಾಗಿರಲಿಲ್ಲ. ಬಸ್ಸಿನಿಂದ ಇಳಿದವನು ಮನೆಗೆ ಹೋಗದೆ ನೇರ ಪ್ರಭುಲಿಂಗಪ್ಪನವರ ಅಂಗಡಿಗೆ ಹೋದೆ. ಮುತ್ತವ್ವನೂ ಇದ್ದಳು. “ಹೂವು ಯಾರಿಗೆ ಬಿತ್ರಿ?” ಎಂದೆ. “ನಿನಗಽ” ಎಂದರು. “ಹಂಗಾರ ಕೆಲಸ ಯಾರದು?” “ನಿಂದಽಪಾ. ಅದರಾಗೇನು?” “ನನ್ನ ಕೆಲಸ ನಾ ಯಾರ ಕಡೆ ಮಾಡಿಸಬೇಕು ಅಂತ ದೇವರು ಏನರ ಹೇಳ್ಯಾನೇನು?” ಪ್ರಭುಲಿಂಗಪ್ಪನವರು ತಾಯಿಯ ಮುಖ ನೋಡಿದರು. ಮುತ್ತವ್ವ ದೇವರ ಪರವಾಗಿ “ಇಲ್ಲ” ಎಂದಳು. “ಹಂಗಾರ ನಾ ನೀಲಗಂಗಾನ ಕಡೆ ಮಾಡಸ್ತೇನಿ. ಆಕಿ ಮಾಡೇಬಿಟ್ಟಾಳ. ನಿಮ್ಮ ಕಿಸೇದಾಗ ಐತಿ, ತಗೀರಿ.” ಅವರು ಎಷ್ಟು ಗಡಬಡಿಸಿ ಕಿಸೆಗೆ ಕೈ ಹಾಕಿದರೆಂದರೆ ಬೀಗದ ಕೈಗೊಂಚಲು, ಸುಪಾರಿ ಡಬ್ಬಿ ಎಲ್ಲ ನೆಲಕ್ಕೆ ಬಿದ್ದವು. “ದೇವರಿಗೂ ಉಸಿರು ಬಂತು ನೋಡು” ಎಂದಳು ಮುತ್ತವ್ವ.

ಆದ್ದರಿಂದ ನಿನ್ನ ಮೊದಲನೆಯ ಪ್ರಶ್ನೆಗೆ ಉತ್ತರ: ಪಾಸಾದದ್ದು ನನ್ನದು, ಅಚ್ಚಾಗುವುದು ನಿನ್ನದು. ಕಾಯಿದೆಯ ಪ್ರಕಾರ ನೀನು ಈಗ ನನ್ನ ಕೈಕೆಳಗಿನ ಕೆಲಸಗಾರ್ತಿ ಎಂಬುದನ್ನು ಮರೆಯಬಾರದು. ಇದನ್ನೆಲ್ಲ ಓದಿ ನನ್ನದು ದೊಡ್ಡ ಮನಸ್ಸು ಎಂದು ಚಿಕ್ಕವ್ವನ ಮುಂದೆ ಹೇಳಿಬಿಟ್ಟೀಯ, ಹೇಳಬೇಡ. ಕಿಚ್ಚು ಇದ್ದಷ್ಟೇ ಇದೆ. ನಿನ್ನೆ ಮಾರ್ಕೆಟ್ಟಿನಲ್ಲಿ ಯಾರೋ ನಿನ್ನ ಹೆಸರೆತ್ತಿ ಹೊಗಳಿದಾಗ ‘ಹೌದ್ರಿ’ ಎನ್ನುವಷ್ಟರಲ್ಲಿ ನನಗೆ ಎರಡು ಸಲ ಸೀನು ಬಂತು.

ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಹುಬ್ಬಳ್ಳಿಯ ನೀರು ಕಾಸಿ ಕುಡಿ ಎಂದಿದ್ದಾಳೆ. ಅಮೀರಬಿ ಸಲಾಮು ಹೇಳಿದ್ದಾಳೆ. ಕೊಟ್ಟ ಉಪ್ಪನ್ನು ಸೊಸೆ ಬಂದ ಮೇಲೆ ಅಳತೆ ಮಾಡಿ ಇಸಿದುಕೊಳ್ಳುತ್ತಾಳಂತೆ. ಚಿಕ್ಕವ್ವನಿಗೆ ನಮಸ್ಕಾರ. ಜಹಾಂಗೀರ ಸರ್‌ಗೂ ನಮಸ್ಕಾರ, ಸ್ವಲ್ಪ ಸಣ್ಣದು.

ಹೊಟ್ಟೆ ಉರಿಯುತ್ತಿದ್ದರೂ ಇನ್ನುಳಿದಂತೆ ಸುಖವಾಗಿರುವ,
ನಿನ್ನ ಅಂದಾನೆಪ್ಪ
(ನೀಲಗಂಗಮ್ಮನವರ ಯಜಮಾನ್ರು)

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಎರಡನೆಯ ಪ್ರಶ್ನೆ. ಇರು. ಪ್ರೆಸ್ಸಿನ ಕೆಲಸ ಒಪ್ಪಿಕೋ, ಆರು ತಿಂಗಳು ಸಾಲದಿದ್ದರೆ ಇನ್ನಷ್ಟು ಇರು, ರವಿವಾರಕ್ಕೊಮ್ಮೆ ನಾನೇ ಬರುತ್ತೇನೆ. ನನ್ನನ್ನು ಕೇಳಿದ್ದಕ್ಕೆ ಖುಷಿಯಾಯಿತು, ಮುಂದಿನ ಸಲ ಕೇಳಬೇಡ, ತಿಳಿಸು. ಸೋಮಪ್ಪನವರಿಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಬರುವ ಗುರುವಾರ ಹುಬ್ಬಳ್ಳಿಯಲ್ಲಿ ‘ಮುತ್ತು’ ಪಾಕೀಟು ಮಷೀನಿಗೆ ಏರುತ್ತದೆ. ಕೆಂಪು ಬಣ್ಣ ಸರಿ ಬಂದಿದೆಯೇ ಎಂದು ನೋಡಿ ಪಾಸು ಮಾಡಲು ಡಿಸೈನರ್ ಖುದ್ದು ಬರಬೇಕಂತೆ, ನಿನ್ನ ಹೆಸರು ಬರೆಸಿದ್ದೇನೆ, ತಪ್ಪಿಸಬೇಡ. ಮತ್ತೆ ಒಂದು ಸಣ್ಣ ಕೆಲಸ. ಶಾಯಿ ಹೊಂದಿಸುವಾಗ ಮೊದಮೊದಲು ಒಂದಷ್ಟು ಹಾಳೆ ಕೆಡುತ್ತವೆ, ಅವನ್ನು ಎಸೆದುಬಿಡುತ್ತಾರೆ. ಅದರಲ್ಲೊಂದು ನನಗೆ ತೆಗೆದಿಡು. ಅಂಗಡಿಯ ಕಪಾಟಿಗೆ ಹಾಸಲು ಕಾಗದ ಬೇಕಾಗಿತ್ತು, ಅಷ್ಟೇ. ಬಸ್ಸಿನಲ್ಲಿ ಕಳಿಸುವುದಾದರೆ ಮಡಚಬೇಡ, ಸುರುಳಿ ಸುತ್ತಿ ಕಳಿಸು.